ಪೋಕರಿನ ಶೋಡೌನ್: ಎಲೆ ಯಾರು ಮೊದಲು ಬಿಚ್ಚಬೇಕು, ಯಾರು ಬಿಚ್ಚದೆಯೂ ಇರಬಹುದು?

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದವನ್ನು ಅದು ಇಟ್ಟುಕೊಳ್ಳಲಿಲ್ಲ. ದೊಡ್ಡ ಪೋಕರ್ ಆ್ಯಪ್‌ಗಳು ಹಣದ ಮೇಜುಗಳನ್ನು ಮುಚ್ಚಿದವು. ಮಣಿಪಾಲದ ಬಾಡಿಗೆ ರೂಮಿನಲ್ಲೋ ಮಂಗಳೂರಿನ ಫ್ಲ್ಯಾಟಿನಲ್ಲೋ ಮೊಬೈಲ್ ನೋಡಿಕೊಂಡೇ ಆಟ ಕಲಿತವರಲ್ಲಿ ಕೆಲವರು ಈಗ ನಿಜವಾದ ಇಸ್ಪೀಟ್ ಕಟ್ಟು ತಂದು, ದುಡ್ಡಿನ ಬದಲಿಗೆ ಇಡುವ ಬಿಲ್ಲೆಗಳಾದ ಚಿಪ್ಸ್ ಇಲ್ಲದಿದ್ದರೆ ಹುಣಸೆ ಬೀಜ ಎಣಿಸಿಕೊಂಡು, ಚಾಪೆ ಹಾಸಿ ಕೂರುತ್ತಾರೆ. ಹಬ್ಬದ ರಜೆಗೆ ಊರಿಗೆ ಬಂದಾಗ ಮನೆಯ ಹಿರಿಯರನ್ನೂ ಎಳೆದು ಕೂರಿಸುತ್ತಾರೆ.

ಆಟದ ಮೊದಲರ್ಧ ಚೆನ್ನಾಗಿಯೇ ಹೋಗುತ್ತದೆ. ಗಲಾಟೆ ಏಳುವುದು ಕೊನೆಯಲ್ಲಿ, ಎಲೆ ತೋರಿಸುವ ಹೊತ್ತಿಗೆ, ಅಂದರೆ ಶೋಡೌನಿನಲ್ಲಿ. ಆ್ಯಪ್‌ನಲ್ಲಿ ಈ ಹೊತ್ತು ಎಂಬುದೇ ಇರಲಿಲ್ಲ. ಯಾರ ಎಲೆ ತೆರೆಯಬೇಕು, ಯಾರದ್ದು ದೊಡ್ಡದು, ಚಿಪ್ಸ್ ಯಾರ ಕಡೆ ಹೋಗಬೇಕು ಎಂಬುದೆಲ್ಲವನ್ನೂ ಸಾಫ್ಟ್‌ವೇರ್ ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತಿತ್ತು. ಚಾಪೆಯ ಮೇಲೆ ಆ ಕೆಲಸ ಆಡುವವರದ್ದೇ.

ಒಂದು ಮಾತು ಮೊದಲೇ ಹೇಳಬೇಕು. ಇಸ್ಪೀಟಿಗೆ ದುಡ್ಡು ಕಟ್ಟುವ ವಿಷಯದಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆ, 1963ರಲ್ಲಿ ಜೂಜಿನ ಕಲಂಗಳಿವೆ. ‘ಇಸ್ಪೀಟ್ ಜುಗಾರಿ ಅಡ್ಡೆಗೆ ದಾಳಿ’ ಎಂಬ ಸುದ್ದಿ ನಮ್ಮ ಕರಾವಳಿಯ ಪೇಪರ್ ಓದುವವರಿಗೆ ಹೊಸದಲ್ಲ. ಇಲ್ಲಿ ವಿವರಿಸುವ ನಿಯಮಗಳಿಗೆ ದುಡ್ಡು ಬೇಕಾಗಿಯೇ ಇಲ್ಲ. ಹುಣಸೆ ಬೀಜಕ್ಕೆ ಆಡಿದರೂ ಜಗಳ ಬರುವುದು ಅದೇ ಜಾಗದಲ್ಲಿ.

ಆಟ ಎಲ್ಲಿಗೆ ಬಂದು ನಿಲ್ಲುತ್ತದೆ

ಹೆಚ್ಚಿನವರು ಆಡುವುದು ಟೆಕ್ಸಸ್ ಹೋಲ್ಡೆಮ್ ಎಂಬ ಬಗೆ. ಪ್ರತಿಯೊಬ್ಬರಿಗೆ ಎರಡೆರಡು ಎಲೆ ಕವುಚಿ ಹಂಚುತ್ತಾರೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ ತೆರೆದುಕೊಳ್ಳುತ್ತವೆ: ಮೊದಲು ಮೂರು ಒಟ್ಟಿಗೆ, ಆಮೇಲೆ ಒಂದು, ಕೊನೆಗೆ ಇನ್ನೊಂದು. ಆ ಕೊನೆಯ ಎಲೆಗೆ ರಿವರ್ ಎನ್ನುತ್ತಾರೆ. ಕೈಯಲ್ಲಿರುವ ಎರಡು, ನಡುವಿನ ಐದು, ಒಟ್ಟು ಏಳರಿಂದ ಅತಿ ದೊಡ್ಡ ಐದೆಲೆ ಯಾರಿಗೆ ಕೂಡುತ್ತದೋ ನಡುವೆ ಸೇರಿದ ರಾಶಿ ಅವರದ್ದು. ಆ ರಾಶಿಯೇ ಪಾಟ್.

ಎರಡೆರಡು ಎಲೆ ಕೈಗೆ ಬಂದೊಡನೆ ಒಂದು ಸಲ, ನಡುವೆ ಎಲೆ ಬಿದ್ದಾಗೆಲ್ಲ ಒಂದೊಂದು ಸಲ, ಹೀಗೆ ಕಟ್ಟುವ ಸುತ್ತು ನಾಲ್ಕು. ಏನೂ ಕಟ್ಟದೆ ಸರದಿ ದಾಟಿಸಿದರೆ ಚೆಕ್, ಮೊದಲು ಕಟ್ಟಿದರೆ ಬೆಟ್, ಅಷ್ಟೇ ಕೊಟ್ಟು ಉಳಿದರೆ ಕಾಲ್, ಏರಿಸಿದರೆ ರೈಸ್, ಎಲೆ ಇಟ್ಟು ಹೊರಬಂದರೆ ಫೋಲ್ಡ್. ಫೋಲ್ಡ್ ಮಾಡಿದವರ ಎಲೆಗಳು ಕವುಚಿಕೊಂಡೇ ಒಂದು ಬದಿಯ ರಾಶಿಗೆ ಸೇರುತ್ತವೆ. ಆ ರಾಶಿಗೆ ಮಕ್ ಎಂದು ಹೆಸರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ತುಂಬ ಬರುತ್ತದೆ.

ದೊಡ್ಡದು ಯಾವುದು ಎಂಬ ಲೆಕ್ಕ ಹೀಗೆ: ಜೋಡಿಗಿಂತ ಎರಡು ಜೋಡಿ ದೊಡ್ಡದು, ಅದಕ್ಕಿಂತ ಒಂದೇ ಅಂಕಿಯ ಮೂರು, ಆಮೇಲೆ ಸಾಲಾಗಿ ಬರುವ ಐದು, ಆಮೇಲೆ ಒಂದೇ ಜಾತಿಯ ಐದು. ಅದರ ಮೇಲೆ ಫುಲ್ ಹೌಸ್, ಅಂದರೆ ಒಂದು ಅಂಕಿಯ ಮೂರು ಮತ್ತು ಇನ್ನೊಂದು ಅಂಕಿಯ ಎರಡು. ಅದಕ್ಕೂ ಮೇಲೆ ಒಂದೇ ಅಂಕಿಯ ನಾಲ್ಕು, ಎಲ್ಲಕ್ಕಿಂತ ಮೇಲೆ ಒಂದೇ ಜಾತಿಯಲ್ಲಿ ಸಾಲಾಗಿ ಬರುವ ಐದು. ಮೂರೆಲೆ ಆಡಿ ಅಭ್ಯಾಸವಿರುವವರು ಇಲ್ಲಿ ಎಡವುತ್ತಾರೆ. ಮೂರೆಲೆಯಲ್ಲಿ ಕಲರ್‌ಗಿಂತ (ಒಂದೇ ಜಾತಿ) ಸೀಕ್ವೆನ್ಸ್ (ಸಾಲು) ದೊಡ್ಡದು, ಪೋಕರಿನಲ್ಲಿ ಅದು ತಿರುಗುಮುರುಗು. ಇನ್ನು ಇಸ್ಪೀಟು, ಆಟಿನ್, ಡೈಮನ್, ಕಳಾವರ್ ಇವುಗಳಲ್ಲಿ ಮೇಲು ಕೀಳು ಇಲ್ಲ. ಎಲೆಗಳು ಸಮಾನವಾದರೆ ಪಾಟ್ ಸಮಾನವಾಗಿ ಹಂಚಿಹೋಗುತ್ತದೆ.

ರಿವರ್ ಸುತ್ತು ಮುಗಿದಾಗ ಇಬ್ಬರು ಅಥವಾ ಹೆಚ್ಚು ಜನ ಉಳಿದಿದ್ದರೆ ಮಾತ್ರ ಶೋಡೌನ್. ಒಬ್ಬರು ಬೆಟ್ ಹಾಕಿ ಉಳಿದವರೆಲ್ಲ ಫೋಲ್ಡ್ ಮಾಡಿದರೆ ಆಟ ಅಲ್ಲಿಗೇ ಮುಗಿಯಿತು. ಗೆದ್ದವರು ಎಲೆ ತೋರಿಸಬೇಕಾಗಿಲ್ಲ. ‘ಎಂಥದಿತ್ತು, ಸ್ವಲ್ಪ ತೋರ್ಸಿ ಮಾರಾಯ್ರೆ’ ಎಂದು ಕೇಳುವುದಕ್ಕೆ ಅಡ್ಡಿಯಿಲ್ಲ, ತೋರಿಸದೆ ನಕ್ಕು ಸುಮ್ಮನಾಗುವುದಕ್ಕೂ ಅಡ್ಡಿಯಿಲ್ಲ.

ತೋರಿಸಲು ಯಾಕಿಷ್ಟು ಹಿಂಜರಿಕೆ

ಸೋತದ್ದು ಗೊತ್ತಾದ ಮೇಲೆ ಎಲೆ ತೋರಿಸಿದರೆ ಏನು ಹೋಗುತ್ತದೆ ಎಂದು ಹೊಸಬರಿಗೆ ಅನಿಸುತ್ತದೆ. ಹೋಗುವುದು ಗುಟ್ಟು. ಸಣ್ಣ ಜೋಡಿ ಇಟ್ಟುಕೊಂಡು ಎಷ್ಟರವರೆಗೆ ಕಟ್ಟುತ್ತೀರಿ, ಕೈಯಲ್ಲಿ ಏನೂ ಇಲ್ಲದಾಗ ಹೇಗೆ ಕೂರುತ್ತೀರಿ ಎಂಬುದೆಲ್ಲ ಎದುರಿನವರಿಗೆ ಉಚಿತವಾಗಿ ಸಿಕ್ಕಿಬಿಡುತ್ತದೆ. ಪೋಕರಿನಲ್ಲಿ ಎಲೆಗಿಂತ ಈ ತಿಳಿವಳಿಕೆಗೇ ಬೆಲೆ ಹೆಚ್ಚು. ಆದ್ದರಿಂದ ಮುಚ್ಚಿಡುವ ಹಕ್ಕು ಆಡುವವರಿಗೆ ಇರಬೇಕು.

ಇನ್ನೊಂದು ಕಡೆ, ಬೀಜವೋ ಚಿಪ್ಸೋ ಕೊಟ್ಟು ಕಾಲ್ ಮಾಡಿದವರಿಗೆ ಎದುರಿನ ಎಲೆ ನೋಡುವ ಹಕ್ಕೂ ಇರಬೇಕಲ್ಲ? ಈ ಎರಡು ಹಕ್ಕುಗಳಿಗೆ ಒಂದಕ್ಕೊಂದು ಆಗಿಬರುವುದಿಲ್ಲ. ಶೋಡೌನಿನ ನಿಯಮಗಳಲ್ಲಿ ಹೆಚ್ಚಿನವು ಇವೆರಡರ ನಡುವೆ ಗೆರೆ ಎಳೆಯುವ ಪ್ರಯತ್ನಗಳೇ. ಹೀಗೆ ನೋಡಿದರೆ ಅವುಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಮೊದಲು ಯಾರು

ರಿವರ್ ಸುತ್ತಿನಲ್ಲಿ ಕೊನೆಯದಾಗಿ ಬೆಟ್ ಅಥವಾ ರೈಸ್ ಮಾಡಿದವರು ಮೊದಲು ತೋರಿಸಬೇಕು. ‘ನನ್ನದು ದೊಡ್ಡದು’ ಎಂದು ಸವಾಲು ಹಾಕಿದವರು ಅವರು, ಆ ಸವಾಲಿಗೆ ಬೆಲೆ ಕೊಟ್ಟವರು ಎದುರಿನವರು. ಸವಾಲು ಹಾಕಿದವರೇ ಸಾಬೀತು ಮಾಡಲಿ ಎಂಬುದು ನ್ಯಾಯ.

ರಿವರಿನಲ್ಲಿ ಎಲ್ಲರೂ ಚೆಕ್ ಮಾಡಿದರೆ? ಆಗ ಡೀಲರ್ ಬಟನಿನ ಎಡಗಡೆಯಿಂದ ಲೆಕ್ಕ ಹಾಕಿ ಆಟದಲ್ಲಿ ಉಳಿದಿರುವ ಮೊದಲಿನವರು ತೋರಿಸಬೇಕು. ಬಟನ್ ಎಂದರೆ ಆ ಆಟಕ್ಕೆ ಎಲೆ ಹಂಚುವ ಸರದಿ ಯಾರದ್ದು ಎಂದು ತೋರಿಸುವ ಬಿಲ್ಲೆ. ಪ್ರತಿ ಆಟಕ್ಕೂ ಒಬ್ಬರಿಂದ ಎಡಗಡೆಯ ಮತ್ತೊಬ್ಬರಿಗೆ ಹೋಗುತ್ತದೆ. ಮನೆಯಲ್ಲಾದರೆ ಸೋಡಾ ಬಾಟ್ಲಿಯ ಮುಚ್ಚಳವೇ ಸಾಕು, ಆದರೆ ಇರಲೇಬೇಕು. ಬಟನ್ ಇಡದೆ ಆಡುವ ಮನೆಗಳಲ್ಲಿ ‘ಮೊದಲು ನೀವು’, ‘ಇಲ್ಲ ಇಲ್ಲ, ನೀವು’ ಎಂಬ ಉಪಚಾರ ಮುಗಿಯುವುದೇ ಇಲ್ಲ.

ಇಲ್ಲಿ ಒಂದು ಸೂಕ್ಷ್ಮ ಉಂಟು. ಹಿಂದಿನ ಸುತ್ತಿನಲ್ಲಿ ಒಬ್ಬರು ಭಾರೀ ರೈಸ್ ಮಾಡಿರುತ್ತಾರೆ, ರಿವರಿನಲ್ಲಿ ಎಲ್ಲರೂ ಚೆಕ್. ‘ಅಷ್ಟು ಏರಿಸಿದ್ದು ಅವರು, ಅವರೇ ತೋರಿಸಲಿ’ ಎಂದು ವಾದ ಶುರುವಾಗುತ್ತದೆ. 2001ರಲ್ಲಿ ಶುರುವಾದ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ ಸಿದ್ಧಪಡಿಸಿದ, ಹಲವು ದೇಶಗಳ ಟೂರ್ನಿಗಳು ಅನುಸರಿಸುವ ನಿಯಮಗಳ ಪ್ರಕಾರ ಈ ವಾದ ನಿಲ್ಲುವುದಿಲ್ಲ. ಕೊನೆಯ ಸುತ್ತಿನಲ್ಲಿ ನಡೆದದ್ದು ಮಾತ್ರ ಲೆಕ್ಕ.

ಮೊದಲಿನವರು ತೋರಿಸಿದ ಮೇಲೆ ಉಳಿದವರ ಸರದಿ ಎಡಕ್ಕೆ ಸಾಗುತ್ತದೆ. ನಿಮ್ಮದು ದೊಡ್ಡದಿದ್ದರೆ ತೆರೆದಿಡಿ, ಇಲ್ಲದಿದ್ದರೆ ತೋರಿಸದೆ ಮಕ್‌ಗೆ ತಳ್ಳಬಹುದು. ಕೈಯಲ್ಲಿ ಗೆಲ್ಲುವ ಎಲೆ ಇದೆ ಎಂದು ಗೊತ್ತಿರುವವರು ಸರದಿ ಕಾಯದೆ ತೆರೆದರೆ ಯಾರೂ ಬೇಸರಪಡುವುದಿಲ್ಲ, ಅದು ಒಳ್ಳೆಯ ನಡತೆಯೇ. ಸರದಿಯ ನಿಯಮ ಇರುವುದು ಯಾರೂ ತೆರೆಯದೆ ಮುಖ ಮುಖ ನೋಡುತ್ತ ಕೂತಾಗ ಬಳಸುವುದಕ್ಕೆ.

ಮೂರೆಲೆಯಲ್ಲಿ ಇಬ್ಬರೇ ಉಳಿದಾಗ ಒಬ್ಬರು ಶೋಗೆ ಕೊಟ್ಟು ಕೇಳುತ್ತಾರೆ, ಎರಡೂ ಕಡೆಯ ಎಲೆ ಸಮಾನವಾದರೆ ಶೋ ಕೇಳಿದವರು ಸೋಲುತ್ತಾರೆ. ಪೋಕರಿನಲ್ಲಿ ಪ್ರತ್ಯೇಕವಾಗಿ ಶೋ ಕೊಳ್ಳುವ ಕ್ರಮವೂ ಇಲ್ಲ, ಕೇಳಿದವರಿಗೆ ಆ ದಂಡವೂ ಇಲ್ಲ.

ಬಾಯಿ ಹೇಳಿದ್ದಲ್ಲ, ಎಲೆ ಹೇಳಿದ್ದು

ಈ ಭಾಗವನ್ನು ಒಂದು ಆಟ ಎದುರಿಗಿಟ್ಟುಕೊಂಡೇ ನೋಡೋಣ. ದೀಪಾವಳಿಯ ರಾತ್ರಿ, ಚಾವಡಿಯಲ್ಲಿ ಭಾವ, ಅತ್ತಿಗೆ, ಚಿಕ್ಕಪ್ಪ, ತಮ್ಮ ಕೂತಿದ್ದಾರೆ ಎಂದಿಟ್ಟುಕೊಳ್ಳಿ. ನಡುವೆ ತೆರೆದಿರುವ ಎಲೆಗಳು: ಇಸ್ಪೀಟ್ ರಾಣಿ, ಆಟಿನ್ 9, ಕಳಾವರ್ 9, ಡೈಮನ್ 4, ಇಸ್ಪೀಟ್ 2. ಚಿಕ್ಕಪ್ಪ ಮತ್ತು ತಮ್ಮ ಮೊದಲೇ ಫೋಲ್ಡ್ ಮಾಡಿದ್ದಾರೆ. ರಿವರಿನಲ್ಲಿ ಭಾವ ಹತ್ತು ಬೀಜ ಕಟ್ಟಿದರು, ಅತ್ತಿಗೆ ಕಾಲ್ ಮಾಡಿದರು.

ಕಟ್ಟಿದ್ದು ಭಾವ, ಆದ್ದರಿಂದ ಮೊದಲು ಅವರೇ ತೆರೆದರು: ಡೈಮನ್ 10, ಡೈಮನ್ 9. ನಡುವಿನ ಎರಡು ಒಂಬತ್ತು ಸೇರಿ ಮೂರು ಒಂಬತ್ತು. ಅತ್ತಿಗೆಯ ಕೈಯಲ್ಲಿ ಇಸ್ಪೀಟ್ 4, ಆಟಿನ್ 4. ‘ನನ್ನದು ಬರೀ ಮೂರು ನಾಲ್ಕು. ಸೋತೆ ಭಾವ’ ಎಂದುಬಿಟ್ಟರು.

ಅವರು ಸೋತಿಲ್ಲ. ಅವರ ಮೂರು ನಾಲ್ಕಿನ ಜೊತೆ ನಡುವಿನ ಎರಡು ಒಂಬತ್ತು ಕೂಡಿ ಫುಲ್ ಹೌಸ್ ಆಗಿದೆ. ಗಡಿಬಿಡಿಯಲ್ಲಿ ಕಣ್ಣಿಗೆ ಬಿದ್ದಿಲ್ಲ, ಅಷ್ಟೆ.

ಇಲ್ಲಿಂದ ಎರಡು ದಾರಿ. ‘ಸೋತೆ’ ಎನ್ನುತ್ತಲೇ ಅತ್ತಿಗೆ ಎಲೆಗಳನ್ನು ಚಾಪೆಯ ಮೇಲೆ ತೆರೆದಿಟ್ಟರೆ ಪಾಟ್ ಅವರದ್ದೇ. ಬಾಯಿಯಲ್ಲಿ ಹೇಳಿದ ಮಾತಿಗೆ ಬೆಲೆಯಿಲ್ಲ, ತೆರೆದ ಎಲೆ ಏನು ಹೇಳುತ್ತದೋ ಅದೇ ತೀರ್ಪು. ಕಂಬಳದಲ್ಲಿ ಮೈಕಿನವರು ಯಾವ ಕಡೆಯ ಹೆಸರನ್ನೇ ಕೂಗಲಿ, ಓಟ ಮುಗಿಯುವ ಮಂಜೊಟ್ಟಿಯನ್ನು ಮೊದಲು ಮುಟ್ಟಿದ ಕೋಣಗಳಿಗೇ ಗೆಲುವು ತಾನೆ? ಇದೂ ಹಾಗೆಯೇ. ಎದುರು ದಿಕ್ಕಿಗೂ ಇದೇ ನಿಯಮ: ‘ಫುಲ್ ಹೌಸ್!’ ಎಂದು ಕೂಗಿದವರ ಕೈಯಲ್ಲಿ ಎರಡು ಜೋಡಿ ಮಾತ್ರ ಇದ್ದರೆ ಕೂಗಿನಿಂದ ಏನೂ ಸಿಗುವುದಿಲ್ಲ. ಬೇಕೆಂದೇ ಸುಳ್ಳು ಕೂಗಿ ಎದುರಿನವರು ಎಲೆ ಎಸೆಯುವಂತೆ ಮಾಡಿದರೆ ಟೂರ್ನಿಗಳಲ್ಲಿ ದಂಡನೆಯೂ ಆದೀತು.

ಎರಡನೆಯ ದಾರಿ ದುಃಖದ್ದು. ಅತ್ತಿಗೆ ಎಲೆಗಳನ್ನು ಕವುಚಿಯೇ ಮಕ್‌ಗೆ ತಳ್ಳಿದರೆ, ಅವು ಅಲ್ಲಿದ್ದ ಎಲೆಗಳ ಜೊತೆ ಬೆರೆತರೆ, ಕಥೆ ಮುಗಿಯಿತು. ಆಮೇಲೆ ‘ಅಯ್ಯೋ, ನನ್ನ ಹತ್ತಿರ ಎರಡು ನಾಲ್ಕು ಇತ್ತು’ ಎಂದರೆ ಸಾಬೀತು ಮಾಡುವುದು ಹೇಗೆ? ರಾಶಿಯಿಂದ ಯಾವ ಎರಡು ಎಲೆ ಬೇಕಾದರೂ ಎತ್ತಿ ತೋರಿಸಬಹುದಲ್ಲ. ತಳ್ಳಿದ ಎಲೆ ಬೆರೆಯದೆ ಬದಿಯಲ್ಲಿ ಬೇರೆಯಾಗಿ ಬಿದ್ದಿದ್ದು, ಇದು ಇವರದ್ದೇ ಎಂದು ಸ್ಪಷ್ಟವಾಗಿ ಗುರುತಿಸಬಹುದಾದರೆ ಮರಳಿಸುವ ವಿವೇಚನೆ ಮೇಜಿನ ಮೇಲ್ವಿಚಾರಕರಿಗೆ ಇರುತ್ತದೆ. ಅದರ ಮೇಲೆ ಭರವಸೆ ಇಡುವಂತಿಲ್ಲ.

ಹಾಗಾಗಿ ಅನುಭವಿಗಳು ಹೊಸಬರಿಗೆ ಮೊದಲು ಹೇಳಿಕೊಡುವ ಬುದ್ಧಿ ಇದು: ಅನುಮಾನವಿದ್ದರೆ ಎರಡೂ ಎಲೆ ತೆರೆದಿಡಿ, ಪಾಟ್ ನಿಮ್ಮ ಕಡೆ ಬರುವವರೆಗೆ ಆ ಎಲೆಗಳ ಮೇಲಿನ ಕೈ ತೆಗೆಯಬೇಡಿ. ಗುಟ್ಟು ಹೋದರೆ ಸ್ವಲ್ಪ ನಷ್ಟ, ಗೆದ್ದ ಪಾಟ್ ಹೋದರೆ ಪೂರ್ತಿ ನಷ್ಟ. ನನ್ನ ಪ್ರಕಾರ ಮೊದಲ ಆರು ತಿಂಗಳು ಯಾರೂ ಕವುಚಿ ಎಸೆಯಲೇಬಾರದು.

ಎರಡೂ ಎಲೆ ಎಂಬುದರಲ್ಲಿ ಒಂದು ಒತ್ತು ಇದೆ. ಪಾಟ್ ಕೇಳಬೇಕಾದರೆ ಕೈಯ ಎರಡೂ ಎಲೆಗಳನ್ನು ತೆರೆಯಲೇಬೇಕು, ಗೆಲುವಿಗೆ ಒಂದೇ ಸಾಕಾದರೂ ಸರಿ. ನಡುವಿನ ಐದೆಲೆಯೇ ಎಲ್ಲರ ಅತ್ಯುತ್ತಮ ಕೂಟವಾಗಿ ಪಾಟ್ ಹಂಚಿಹೋಗುವಾಗಲೂ, ತನ್ನ ಪಾಲು ಬೇಕಿದ್ದವರು ಎರಡನ್ನೂ ತೋರಿಸಬೇಕು. ‘ನನ್ನದೂ ನಡುವಿನದ್ದೇ’ ಎಂದು ಹೇಳಿ ಎಲೆ ಎಸೆದವರಿಗೆ ಪಾಲಿಲ್ಲ.

ಪಕ್ಕದವರು ಬಾಯಿ ಬಿಡಬಹುದೇ

ಮೇಲಿನ ಆಟದಲ್ಲಿ ಅತ್ತಿಗೆ ಎಲೆ ತೆರೆದಿಟ್ಟರು, ಆದರೆ ಫುಲ್ ಹೌಸ್ ಎಂದು ಅವರಿಗೂ ಗೊತ್ತಾಗಲಿಲ್ಲ, ಭಾವನಿಗೂ ಗೊತ್ತಾಗಲಿಲ್ಲ. ಭಾವ ಬೀಜ ಬಾಚಿಕೊಳ್ಳುತ್ತಿದ್ದಾರೆ. ಫೋಲ್ಡ್ ಮಾಡಿ ಕೂತಿದ್ದ ಚಿಕ್ಕಪ್ಪನಿಗೆ ಕಂಡಿತು. ಹೇಳಬಹುದೇ?

ಹೇಳಬಹುದು, ಹೇಳಬೇಕು. ಎಲೆ ಒಮ್ಮೆ ತೆರೆದ ಮೇಲೆ ಅದು ಎಲ್ಲರ ಎದುರಿನ ಸತ್ಯ. ತಪ್ಪು ಲೆಕ್ಕದಲ್ಲಿ ಪಾಟ್ ಹೋಗುವುದು ಕಂಡರೆ ಮೇಜಿನಲ್ಲಿ ಯಾರು ಬೇಕಾದರೂ ಬಾಯಿ ಬಿಡಬೇಕೆಂದೇ ಟೂರ್ನಿ ನಿಯಮಗಳು ಪ್ರೋತ್ಸಾಹಿಸುತ್ತವೆ. ಸ್ಪಷ್ಟವಾಗಿ ಗೆದ್ದಿರುವ, ತೆರೆದಿಟ್ಟ ಎಲೆಯನ್ನು ಹಂಚುವವರು ಅವಸರದಲ್ಲಿ ರಾಶಿಗೆ ಸೇರಿಸಿದರೂ ಅದರ ಗೆಲುವು ರದ್ದಾಗುವುದಿಲ್ಲ.

ಎಲೆ ಇನ್ನೂ ಕವುಚಿರುವಾಗ ಮಾತ್ರ ಬಾಯಿಗೆ ಬೀಗ. ಹಿಂದಿನಿಂದ ಅತ್ತಿಗೆಯ ಕೈ ನೋಡಿದ ತಮ್ಮ ‘ಎಸೆಯಬೇಡಿ ಅತ್ತಿಗೆ, ನೀವೇ ಗೆದ್ದದ್ದು’ ಎಂದರೆ ಅದು ತಪ್ಪು. ಒಂದು ಕೈಯನ್ನು ಒಬ್ಬರೇ ಆಡಬೇಕು ಎಂಬುದು ಪೋಕರಿನ ಮೂಲ ನಿಯಮಗಳಲ್ಲೊಂದು. ಮನೆಯ ಆಟದಲ್ಲಿ ಅತಿ ಹೆಚ್ಚು ಮುರಿಯುವುದೂ ಇದೇ.

ಯಾರು ಕೇಳಿದರೆ ತೋರಿಸಲೇಬೇಕು

ಈಗ ಆಟವನ್ನು ತುಸು ಬದಲಾಯಿಸೋಣ. ಭಾವ ಹತ್ತು ಬೀಜ ಕಟ್ಟಿದರು, ಅತ್ತಿಗೆ ಕಾಲ್ ಮಾಡಿದರು. ಭಾವನ ಕೈಯಲ್ಲಿ ಏನೂ ಇಲ್ಲ, ಹೆದರಿಸಲು ಕಟ್ಟಿದ್ದು. ‘ನೀವೇ ಗೆದ್ದಿರಿ’ ಎಂದು ಹೇಳಿ ಎಲೆ ಕವುಚಿ ಎಸೆಯಹೊರಟರು.

ಅತ್ತಿಗೆ ತಡೆದು ‘ತೋರಿಸಿ’ ಎನ್ನಬಹುದು. ರಿವರಿನ ಬೆಟ್‌ಗೆ ಕಾಲ್ ಮಾಡಿದವರು ಆ ಎಲೆ ನೋಡುವುದಕ್ಕೇ ಬೆಲೆ ಕೊಟ್ಟಿದ್ದಾರೆ. ಟೂರ್ನಿ ನಿಯಮಗಳ ಪ್ರಕಾರ ಈ ಹಕ್ಕನ್ನು ಯಾರೂ ನಿರಾಕರಿಸುವಂತಿಲ್ಲ. ಒಂದೇ ಷರತ್ತು: ಕೇಳುವವರ ಎಲೆ ಇನ್ನೂ ಅವರ ಕೈಯಲ್ಲಿರಬೇಕು ಅಥವಾ ತೆರೆದಿರಬೇಕು. ತಾವೇ ಕವುಚಿ ಎಸೆದ ಮೇಲೆ ಇನ್ನೊಬ್ಬರದ್ದನ್ನು ಕೇಳುವ ಹಕ್ಕು ಇರುವುದಿಲ್ಲ.

ಚಿಕ್ಕಪ್ಪ ಕೇಳಿದರೆ? ಮೊದಲೇ ಫೋಲ್ಡ್ ಮಾಡಿದವರು ಅವರು, ಟೂರ್ನಿ ನಿಯಮದಲ್ಲಿ ಅವರಿಗೆ ಹಕ್ಕಿಲ್ಲ. ಹಳೆಯ ಕ್ಯಾಸಿನೊ ಪದ್ಧತಿ ಇನ್ನೂ ಉದಾರವಾಗಿತ್ತು. ಆ ಆಟದಲ್ಲಿ ಎಲೆ ಪಡೆದ ಯಾರು ಬೇಕಾದರೂ, ಶೋಡೌನ್‌ವರೆಗೆ ಬಂದ ಎಲೆಯನ್ನು ತೋರಿಸುವಂತೆ ಕೇಳಬಹುದಿತ್ತು. ಆ ನಿಯಮ ಹುಟ್ಟಿದ್ದು ಕುತೂಹಲ ತಣಿಸಲು ಅಲ್ಲ. ಇಬ್ಬರು ಒಳಗೊಳಗೇ ಸೇರಿಕೊಂಡು, ಒಬ್ಬರಿಗೊಬ್ಬರು ಏರಿಸುತ್ತ ನಡುವೆ ಸಿಕ್ಕಿದ ಮೂರನೆಯವರನ್ನು ಹಿಂಡಿ, ಕೊನೆಗೆ ಒಬ್ಬರು ಎಲೆ ಮುಚ್ಚಿ ಎಸೆಯುವ ಮೋಸವನ್ನು ಹಿಡಿಯಲು. ಆದರೆ ಜನ ಇದನ್ನು ಎದುರಾಳಿಯ ಗುಟ್ಟು ಕದಿಯಲು ಬಳಸತೊಡಗಿದರು. ಆದ್ದರಿಂದ ಪದೇ ಪದೇ ಕೇಳುವವರಿಂದ ಈ ಸವಲತ್ತು ಕಿತ್ತುಕೊಳ್ಳುವ ಅಧಿಕಾರವೂ ಜೊತೆಗೇ ಬಂತು.

ಆ ಪದ್ಧತಿಯಲ್ಲಿ ಒಂದು ಗಮ್ಮತ್ತಿನ ತಿರುವು ಉಂಟು. ಸೋತವರು ಎಸೆದ ಎಲೆಯನ್ನು ತೋರಿಸಿ ಎಂದು ಗೆದ್ದವರೇ ಕೇಳಿದರೆ ಆ ಎಲೆಗೆ ಮತ್ತೆ ಜೀವ ಬರುತ್ತದೆ. ತೆರೆದಾಗ ಅದೇ ದೊಡ್ಡದಾಗಿದ್ದರೆ ಪಾಟ್ ಕೇಳಿದವರ ಕೈತಪ್ಪಿ ಹೋಗುತ್ತದೆ. ಗೆದ್ದ ಮೇಲೆ ಸುಮ್ಮನಿರುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಾಗಿಲ್ಲ.

ಹಕ್ಕಿದೆ ಎಂದು ಪ್ರತಿ ಸಲ ಚಲಾಯಿಸುವುದು ಮರ್ಯಾದೆಯಲ್ಲ. ಸೋಲು ಒಪ್ಪಿಕೊಂಡು ಎಲೆ ಇಡುವವರನ್ನು ತಡೆದು ‘ತೋರಿಸಿ’ ಎನ್ನುವುದರಲ್ಲಿ ನಂಬಿಕೆಯಿಲ್ಲ ಎಂಬ ಧ್ವನಿ ಇದೆ. ಮನೆಯವರ ನಡುವೆ ಅದು ಬೇಗ ನಾಟುತ್ತದೆ.

ಇನ್ನೊಂದು: ಎಲೆಯನ್ನು ಒಬ್ಬರಿಗೆ ತೋರಿಸಿದರೆ ಎಲ್ಲರಿಗೂ ತೋರಿಸಬೇಕು. ಭಾವ ಎಸೆಯುವ ಮೊದಲು ಪಕ್ಕದ ತಮ್ಮನಿಗೆ ಮೆಲ್ಲನೆ ತೋರಿಸಿ ಕಣ್ಣು ಹೊಡೆದರೆ, ಅತ್ತಿಗೆಗೂ ಚಿಕ್ಕಪ್ಪನಿಗೂ ಅದನ್ನು ನೋಡುವ ಹಕ್ಕು ಬರುತ್ತದೆ.

ಎಲ್ಲವನ್ನೂ ಕಟ್ಟಿದಾಗ

ಇದ್ದಬದ್ದದ್ದನ್ನೆಲ್ಲ ಮುಂದಿಟ್ಟರೆ ಆಲ್-ಇನ್. ಟೂರ್ನಿಯಲ್ಲಿ ಒಬ್ಬರು ಆಲ್-ಇನ್ ಆಗಿ, ಮಿಕ್ಕವರು ಕಟ್ಟುವುದೂ ಪೂರ್ತಿ ಮುಗಿದಾಗ ಆಟದಲ್ಲಿ ಉಳಿದವರೆಲ್ಲ ಕೂಡಲೇ ಎಲೆ ತೆರೆಯಬೇಕು, ನಡುವಿನ ಎಲೆಗಳು ಇನ್ನೂ ಬೀಳಬೇಕಾಗಿದ್ದರೂ ಸರಿ. ಇಲ್ಲಿ ಮುಚ್ಚಿಡುವ ಹಕ್ಕೇ ಇಲ್ಲ. ಟೂರ್ನಿಯಲ್ಲಿ ಗೆಳೆಯನಿಗೆ ಬೇಕೆಂದೇ ಸೋತು ಚಿಪ್ಸ್ ದಾಟಿಸುವ ಮೋಸಕ್ಕೆ ಇದೇ ಸುಲಭದ ದಾರಿ, ಅದಕ್ಕೆ ಈ ಬಿಗಿ. ಟೂರ್ನಿಯಲ್ಲದ ಸಾಮಾನ್ಯ ಮೇಜುಗಳಲ್ಲಿ ಹೆಚ್ಚಾಗಿ ಈ ಕಡ್ಡಾಯವಿಲ್ಲ.

ಆಲ್-ಇನ್ ಆದವರ ಹತ್ತಿರ ಕಡಿಮೆ ಇದ್ದರೆ ಪಾಟ್ ಎರಡಾಗುತ್ತದೆ. ತಮ್ಮನ ಹತ್ತಿರ ಇದ್ದದ್ದು 20 ಬೀಜ, ಭಾವ ಮತ್ತು ಅತ್ತಿಗೆ ತಲಾ 50 ಕಟ್ಟಿದರು ಎನ್ನಿ. ಮೂವರಿಂದ ಇಪ್ಪತ್ತಿಪ್ಪತ್ತು ಸೇರಿ 60ರ ಮುಖ್ಯ ಪಾಟ್, ಇಬ್ಬರ ಮಿಕ್ಕ ಮೂವತ್ತು ಮೂವತ್ತು ಸೇರಿ 60ರ ಬದಿಯ ಪಾಟ್. ತಮ್ಮನಿಗೆ ಬದಿಯದ್ದರಲ್ಲಿ ಪಾಲಿಲ್ಲ. ಮೊದಲು ಭಾವ ಮತ್ತು ಅತ್ತಿಗೆ ತೋರಿಸಿ ಬದಿಯ ಪಾಟ್ ತೀರ್ಮಾನಿಸುತ್ತಾರೆ, ಆಮೇಲೆ ತಮ್ಮನ ಸರದಿ. ಪಾಟ್ ಸಮಾನವಾಗಿ ಹಂಚುವಾಗ ಒಂದು ಬೀಜ ಹೆಚ್ಚಿದ್ದರೆ ಅದು ಪಾಲುದಾರರಲ್ಲಿ ಬಟನಿನ ಎಡಕ್ಕೆ ಹತ್ತಿರ ಇರುವವರಿಗೆ.

ನಿಯಮದಲ್ಲಿಲ್ಲದಿದ್ದರೂ ಮಾಡಬಾರದ್ದು

ಗೆಲ್ಲುವ ಎಲೆ ಕೈಯಲ್ಲಿದೆ ಎಂದು ಖಚಿತವಿದ್ದೂ ತಲೆ ಕೆರೆಯುತ್ತ, ನಿಟ್ಟುಸಿರು ಬಿಡುತ್ತ, ಎದುರಿನವರು ಗೆದ್ದೆನೆಂದು ನಗುವವರೆಗೆ ಕಾದು ಆಮೇಲೆ ಒಂದೊಂದೇ ಎಲೆ ತೆರೆಯುವುದಕ್ಕೆ ಸ್ಲೋ ರೋಲ್ ಎನ್ನುತ್ತಾರೆ. ಇದರಿಂದ ಒಂದು ಬೀಜವೂ ಹೆಚ್ಚು ಸಿಗುವುದಿಲ್ಲ. ಕಟ್ಟುವ ಸುತ್ತು ಆಗಲೇ ಮುಗಿದಿದೆ, ಉಳಿದದ್ದು ಎದುರಿನವರನ್ನು ಕುಣಿಸುವ ಖುಷಿ ಮಾತ್ರ. ಒಳ್ಳೆಯ ಎಲೆ ಇದ್ದರೂ ಕಟ್ಟುವ ಸುತ್ತಿನಲ್ಲಿ ಮೆಲ್ಲಗಿದ್ದು ಬಲೆ ಬೀಸುವುದು ಬೇರೆ ಮಾತು, ಅದು ಆಟದ ತಂತ್ರ. ಸ್ಲೋ ರೋಲ್ ಮಾಡಿದವರ ಪಾಟ್ ಯಾರೂ ಕಿತ್ತುಕೊಳ್ಳುವುದಿಲ್ಲ. ಆದರೂ ಪೋಕರ್ ಮೇಜಿನಲ್ಲಿ ಹೆಸರು ಕೆಡಿಸಿಕೊಳ್ಳಲು ಇಷ್ಟೇ ಸಾಕು.

ಭಿನ್ನಾಭಿಪ್ರಾಯ ಬಂದರೆ

ಕ್ಯಾಸಿನೊದಲ್ಲಿ ಮೇಲ್ವಿಚಾರಕರನ್ನು ಕರೆಸುತ್ತಾರೆ, ಅವರ ಮಾತೇ ಕೊನೆ. ಮನೆಯಲ್ಲಿ ಆ ಜಾಗ ಆಟ ಕರೆದವರದ್ದು. ಫೋಲ್ಡ್ ಮಾಡಿದವರು ಎಲೆ ನೋಡಲು ಕೇಳಬಹುದೇ, ಆಲ್-ಇನ್ ಆದಾಗ ತೆರೆಯಬೇಕೇ ಎಂಬೆರಡು ವಿಷಯದಲ್ಲಿ ಪದ್ಧತಿಗಳೇ ಬೇರೆ ಬೇರೆ ಇರುವುದರಿಂದ, ಮೊದಲ ಎಲೆ ಹಂಚುವ ಮುಂಚೆ ಅವರು ಒಮ್ಮೆ ಹೇಳಿಬಿಡುವುದು ಒಳ್ಳೆಯದು.

ತಕರಾರಿಗೂ ಗಡುವಿದೆ. ತೆರೆದ ಎಲೆಯನ್ನು ತಪ್ಪಾಗಿ ಓದಿ ಪಾಟ್ ಹೋಯಿತು ಎಂದು ಅನಿಸಿದರೆ ಮುಂದಿನ ಆಟ ಶುರುವಾಗುವುದರೊಳಗೆ ಹೇಳಬೇಕು. ಟೂರ್ನಿ ನಿಯಮದಲ್ಲಿ ಹೊಸ ಆಟ ಶುರುವಾಗುವುದು ಎಲೆ ಹಂಚಿದಾಗಲ್ಲ, ಕಲಸಲು ಕೈ ಹಾಕಿದಾಗ. ಭಾವ ಕಟ್ಟು ಎತ್ತಿ ಒಮ್ಮೆ ಕಲಸಿದರೆಂದರೆ ಅತ್ತಿಗೆಯ ಫುಲ್ ಹೌಸ್ ಬಗ್ಗೆ ಚಿಕ್ಕಪ್ಪ ಇನ್ನು ಏನು ಹೇಳಿಯೂ ಪ್ರಯೋಜನವಿಲ್ಲ.